ದೊಡ್ಡ ಎಸ್‌ಯುವಿಯ ಹಿಂಬದಿ ಗಾಜು: ಒಡೆಯುವುದೇಕೆ, ಬದಲಿಸುವುದು ಹೇಗೆ

ಫಾರ್ಚುನರ್‌ನಂತಹ ದೊಡ್ಡ ಎಸ್‌ಯುವಿಯ ಮುಂಗಾಜಿಗೆ ಕಲ್ಲು ಬಡಿದರೆ ಒಂದು ಚುಕ್ಕೆಯೋ ಉದ್ದನೆಯ ಬಿರುಕೋ ಮೂಡುತ್ತದೆ. ಅದನ್ನಿಟ್ಟುಕೊಂಡೇ ಮನೆ ಸೇರಬಹುದು. ಅದೇ ಕಲ್ಲು ಹಿಂಬದಿಯ ಗಾಜಿಗೆ ಬಡಿದರೆ ಗಾಜೇ ಉಳಿಯುವುದಿಲ್ಲ. ಒಂದು ಸದ್ದು ಕೇಳಿಸುತ್ತದೆ, ಮರುಕ್ಷಣ ಡಿಕ್ಕಿಯ ತುಂಬ, ಮೂರನೇ ಸಾಲಿನ ಸೀಟುಗಳ ಮೇಲೆ, ರಸ್ತೆಯ ಮೇಲೆ ಕಲ್ಲುಸಕ್ಕರೆಯ ಹರಳುಗಳಂತೆ ಸಾವಿರಾರು ತುಣುಕುಗಳು ಚೆಲ್ಲಿರುತ್ತವೆ. ಹಾಗಾಗಿ ಹಿಂಗಾಜಿನ ವಿಷಯದಲ್ಲಿ ರಿಪೇರಿ ಎಂಬ ಮಾತಿಗೆ ಅವಕಾಶವಿಲ್ಲ, ಬದಲಿಸುವುದೊಂದೇ ದಾರಿ.

ಹೀಗಿದ್ದೂ ಈ ಕೆಲಸವನ್ನು ನಮ್ಮಲ್ಲಿ ಹಗುರವಾಗಿ ಕಾಣುವುದೇ ಹೆಚ್ಚು. ಮುಂಗಾಜಿಗೆ ಕಂಪನಿಯ ಗಾಜೇ ಬೇಕು, ನುರಿತ ಕೈಯೇ ಬೇಕು ಎಂದು ಹಟ ಹಿಡಿಯುವವರೂ ಹಿಂಗಾಜಿನ ಸರದಿ ಬಂದಾಗ "ಹಿಂದುಗಡೆಯದು ತಾನೇ, ಯಾವುದಾದರೂ ಹಾಕಿ" ಎಂದುಬಿಡುತ್ತಾರೆ. ಹಾಗೆ ಹಾಕಿಸಿದ ಗಾಜು ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ಕೆಲಸ ಕೆಟ್ಟಿರುವುದು ಗೊತ್ತಾಗುವುದು ಮೊದಲ ಜೋರು ಮಳೆಯಲ್ಲಿ, ಮೊದಲ ಮಂಜು ಕವಿದ ಬೆಳಿಗ್ಗೆ, ಇಲ್ಲವೇ ವರ್ಷಗಳು ಕಳೆದ ಮೇಲೆ ಡಿಕ್ಕಿ ಬಾಗಿಲಿನ ಅಂಚಿನಲ್ಲಿ ಬಣ್ಣದಡಿಯಿಂದ ತುಕ್ಕಿನ ಗುಳ್ಳೆ ಏಳುವಾಗ. ಕೆಲಸ ಚೆನ್ನಾಯಿತೋ ಕೆಟ್ಟಿತೋ ಎಂಬುದು ತೀರ್ಮಾನವಾಗುವುದು ಗಾಜಿನ ಸುತ್ತಲೂ ಪ್ಲಾಸ್ಟಿಕ್ ಪಟ್ಟಿಯ ಹಿಂದೆ ಅಡಗಿರುವ ಎರಡು ಬೆರಳಗಲದ ಅಂಚಿನಲ್ಲಿ. ಆ ಅಂಚಿನಲ್ಲಿ ಏನೇನು ಇದೆ, ಅಲ್ಲಿ ಕೆಲಸ ಹೇಗೆ ನಡೆಯಬೇಕು ಎಂಬುದನ್ನು ಗಾಡಿಯ ಮಾಲೀಕರು ತಿಳಿದಿರಬೇಕು ಎಂಬ ಕಾಳಜಿಯಿಂದ ಈ ವಿವರಣೆ. ಉದಾಹರಣೆಗಾಗಿ, 2009ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಟೊಯೊಟಾ ಫಾರ್ಚುನರ್ ಅನ್ನು ಇಟ್ಟುಕೊಳ್ಳೋಣ. ಇದರ ಬಹುಪಾಲು ಬೇರೆ ದೊಡ್ಡ ಎಸ್‌ಯುವಿಗಳಿಗೂ ಅನ್ವಯಿಸುತ್ತದೆ.

ಒಂದೇ ಏಟಿಗೆ ಪುಡಿಯಾಗುವುದೇಕೆ

ಮುಂಗಾಜು ಲ್ಯಾಮಿನೇಟೆಡ್ ಗಾಜು. ಎರಡು ತೆಳುವಾದ ಗಾಜಿನ ಹಾಳೆಗಳ ನಡುವೆ ಸಾಮಾನ್ಯವಾಗಿ 0.76 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದಿರುತ್ತಾರೆ. ಗಾಜು ಒಡೆದರೂ ಚೂರುಗಳನ್ನು ಆ ಪದರ ಹಿಡಿದುಕೊಳ್ಳುತ್ತದೆ. ಹಿಂಬದಿಯದು ಬಹುತೇಕ ವಾಹನಗಳಲ್ಲಿ ಟಫನ್ಡ್ ಗಾಜು, ಅಂದರೆ ಹದಗೊಳಿಸಿದ ಒಂಟಿ ಹಾಳೆ. ಗಾಜನ್ನು ಬೇಕಾದ ಅಳತೆಗೆ ಕತ್ತರಿಸಿ, ತೂತು ಕೊರೆದು, ಅಂಚು ಉಜ್ಜಿದ ಮೇಲೆ ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಬಾಗಿಸಿ, ಎರಡೂ ಕಡೆಯಿಂದ ರಭಸದ ಗಾಳಿ ಹಾಯಿಸಿ ಫಕ್ಕನೆ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನ ಗಾಜು ನಿಧಾನವಾಗಿ ತಣಿಯುತ್ತ ಕುಗ್ಗಲು ಹವಣಿಸುತ್ತದೆ. ಆಗಲೇ ಗಟ್ಟಿಯಾದ ಮೇಲ್ಮೈ ಅದಕ್ಕೆ ಬಿಡುವುದಿಲ್ಲ. ಈ ಜಗ್ಗಾಟ ಗಾಜಿನೊಳಗೆ ಶಾಶ್ವತವಾಗಿ ಉಳಿದುಬಿಡುತ್ತದೆ: ಹೊರಮೈ ಸದಾ ಒತ್ತಡದಲ್ಲಿ, ಒಳಭಾಗ ಸದಾ ಸೆಳೆತದಲ್ಲಿ.

ಸಾಮಾನ್ಯ ಗಾಜು ಒಡೆಯುವುದು ಮೇಲ್ಮೈಯಲ್ಲಿರುವ ಸಣ್ಣ ಗೀರು ಬಾಯಿ ಬಿಟ್ಟುಕೊಂಡಾಗ. ಟಫನ್ಡ್ ಗಾಜಿನಲ್ಲಿ ಮೇಲ್ಮೈ ಒತ್ತಡದಲ್ಲಿರುವುದರಿಂದ ಗೀರು ಬಾಯಿ ಬಿಡಲಾರದು. ಆದ್ದರಿಂದಲೇ ಅದು ಅಷ್ಟೇ ದಪ್ಪದ ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದರೆ ಈ ಒತ್ತಡದ ಪದರ ಗಾಜಿನ ದಪ್ಪದ ಸುಮಾರು ಐದನೇ ಒಂದು ಭಾಗ ಮಾತ್ರ. ಮೂರೂವರೆ ಮಿ.ಮೀ. ದಪ್ಪದ ಹಿಂಗಾಜಿನಲ್ಲಿ ಅದು ಒಂದು ಮಿ.ಮೀ. ಕೂಡ ಇರುವುದಿಲ್ಲ. ಚೂಪಾದ ಕಲ್ಲಿನ ಮೊನೆ ಅದನ್ನು ದಾಟಿ ಒಳಗಿನ ಸೆಳೆತದ ವಲಯವನ್ನು ಮುಟ್ಟಿದರೆ ಹಿಡಿದಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗಿ, ಬಿರುಕು ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ ಕವಲೊಡೆಯುತ್ತ ಇಡೀ ಹಾಳೆಗೆ ಹರಡಿಕೊಳ್ಳುತ್ತದೆ. ತುಣುಕುಗಳು ಚಿಕ್ಕವಾಗಿ, ಹೆಚ್ಚು ಚೂಪಿಲ್ಲದೆ ಬರುವುದು ಇದೇ ಕಾರಣಕ್ಕೆ, ಮತ್ತು ಅದೇ ಈ ಗಾಜಿನ ಸುರಕ್ಷತೆ. ಹದಗೊಳಿಸಿದ ಮೇಲೆ ಇದನ್ನು ಕತ್ತರಿಸಲು, ಕೊರೆಯಲು ಬರುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. "ಅಳತೆಗೆ ಕಟ್ ಮಾಡಿಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅವರು ಕೊಡುತ್ತಿರುವುದು ಟಫನ್ಡ್ ಗಾಜಲ್ಲ. ಅಪಘಾತದಲ್ಲಿ ಅದು ಕತ್ತಿಯಂತಹ ಸೀಳುಗಳಾಗಿ ಒಡೆಯುತ್ತದೆ, ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸುವ ಗಾಡಿಗೆ ಅದನ್ನು ಯಾವ ಬೆಲೆಗೂ ಹಾಕಿಸಬಾರದು.

ನಿಲ್ಲಿಸಿದ್ದ ಗಾಡಿಯ ಗಾಜು ತಾನಾಗಿಯೇ ಒಡೆಯಿತು ಎಂಬ ದೂರು ಆಗಾಗ ಕೇಳಿಬರುತ್ತದೆ. ಜನ ಸಾಮಾನ್ಯವಾಗಿ ಬಿಸಿಲನ್ನು ದೂರುತ್ತಾರೆ, ಕಾದ ಗಾಜಿಗೆ ತಣ್ಣೀರು ಹಾಕಿದ್ದನ್ನು ದೂರುತ್ತಾರೆ. ಆದರೆ ದೋಷವಿಲ್ಲದ ಟಫನ್ಡ್ ಗಾಜು ಸುಮಾರು 200 ಡಿಗ್ರಿಗಳ ತಾಪವ್ಯತ್ಯಾಸವನ್ನು ತಾಳಿಕೊಳ್ಳಬಲ್ಲದು; ರಾಯಚೂರಿನ ಮೇ ತಿಂಗಳ ಬಿಸಿಲೂ ಅದರ ಹತ್ತಿರಕ್ಕೆ ಬರುವುದಿಲ್ಲ. ನಿಜವಾದ ಕಾರಣ ಹೆಚ್ಚಾಗಿ ಅಂಚಿನಲ್ಲಿ ಹಿಂದೆಂದೋ ಆದ ಗಾಯ. ಡಿಕ್ಕಿಯಲ್ಲಿ ಅತಿಯಾಗಿ ಸಾಮಾನು ತುಂಬಿ ಬಾಗಿಲನ್ನು ಒತ್ತಿ ಮುಚ್ಚಿದಾಗ, ನೆಲಮಾಳಿಗೆಯ ತಗ್ಗು ಚಾವಣಿಗೆ ಮೇಲೆದ್ದ ಬಾಗಿಲು ತಾಗಿದಾಗ, ಹಿಂದಿನ ಬಾರಿ ಗಾಜು ಕೂರಿಸುವಾಗ ಲೋಹಕ್ಕೆ ತಾಗಿಕೊಂಡೇ ಕೂರಿಸಿದಾಗ ಅಂಚಿನಲ್ಲಿ ಕಣ್ಣಿಗೆ ಬೀಳದ ಚೂರು ಹಾರಿರುತ್ತದೆ. ಬಿಸಿಲು, ರಸ್ತೆಯ ಕುಲುಕಾಟ, ಬಾಗಿಲು ಬಡಿಯುವ ಏಟು ಇವೆಲ್ಲ ಆ ಗಾಯವನ್ನು ಸ್ವಲ್ಪಸ್ವಲ್ಪವೇ ಆಳಕ್ಕೆ ಒಯ್ಯುತ್ತವೆ. ರಸ್ತೆ ಬದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದಿಂದ ಸಿಡಿದ ಸಣ್ಣ ಹರಳೂ ಗಾಜು ಒಡೆಯಲು ಸಾಕು; ಗಾತ್ರಕ್ಕಿಂತ ಮೊನೆಯ ಚೂಪು ಮುಖ್ಯ.

ಒಡೆದ ಕೂಡಲೇ

ಮೊದಲು ಎಲ್ಲ ಕೋನಗಳಿಂದ ಫೋಟೊ ತೆಗೆಯಬೇಕು, ಗುಡಿಸುವುದು ಆಮೇಲೆ. ಅಂಚಿನಲ್ಲಿ ಅಂಟಿಕೊಂಡಿರುವ ತುಣುಕುಗಳನ್ನು ದಪ್ಪ ಕೈಗವಸು ಹಾಕಿಕೊಂಡು ಒಳಮುಖವಾಗಿ ಹಾಸಿದ ಬಟ್ಟೆಯ ಮೇಲೆ ಬೀಳಿಸಿಕೊಳ್ಳಬಹುದು. ಆದರೆ ಲೋಹದ ಮೇಲಿರುವ ಕಪ್ಪು ಅಂಟನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಬಾರದು. ಅದನ್ನು ಮುಟ್ಟದೆ ಬಿಡಬೇಕಾದ ಕಾರಣ ಮುಂದೆ ಬರುತ್ತದೆ. ತೆರೆದ ಜಾಗಕ್ಕೆ ದಪ್ಪ ಪಾಲಿಥೀನ್ ಹಾಳೆಯನ್ನು ಕಟ್ಟಿದರೆ ಮಳೆ, ಧೂಳು ತಡೆಯುತ್ತದೆ. ಪ್ಯಾಕಿಂಗ್ ಟೇಪನ್ನು ನೇರ ಬಣ್ಣದ ಮೇಲೆ ಅಂಟಿಸಿ ಬಿಸಿಲಲ್ಲಿ ಬಿಟ್ಟರೆ ತೆಗೆಯುವಾಗ ಅಂಟು ಉಳಿದುಕೊಳ್ಳುತ್ತದೆ, ಮತ್ತೆ ಬಣ್ಣ ಬಳಿಸಿದ ಗಾಡಿಯಾದರೆ ಬಣ್ಣವೂ ಕಿತ್ತು ಬರಬಹುದು. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪನ್ನು ಮೊದಲು ಹಾಕಿ ಅದರ ಮೇಲೆ ಗಟ್ಟಿ ಟೇಪ್ ಹಾಕುವುದು ಒಳ್ಳೆಯದು.

ಹಿಂಗಾಜಿಲ್ಲದ ಎಸ್‌ಯುವಿಯನ್ನು ದೂರ ಓಡಿಸುವುದರಲ್ಲಿ ಹೆಚ್ಚಿನವರಿಗೆ ಹೊಳೆಯದ ಒಂದು ಅಪಾಯವಿದೆ. ಹಿಂಭಾಗ ನೇರವಾಗಿ ಕತ್ತರಿಸಿದಂತಿರುವ ಎತ್ತರದ ಗಾಡಿ ಮುಂದಕ್ಕೆ ಚಲಿಸುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಸೈಲೆನ್ಸರ್‌ನಿಂದ ಹೊರಬಿದ್ದ ಹೊಗೆಯನ್ನು ಆ ಸುಳಿ ಮೇಲೆತ್ತಿ ತೆರೆದ ಕಿಂಡಿಯ ಮೂಲಕ ಒಳಗೆ ತುಂಬುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಮಂಕು ಕವಿಯುವುದರಿಂದ ಆರಂಭವಾಗಿ ಜೀವಕ್ಕೇ ಎರವಾಗಬಲ್ಲದು. ಅನಿವಾರ್ಯವಾಗಿ ಓಡಿಸಲೇಬೇಕಾದರೆ ಎ.ಸಿ.ಯನ್ನು ಹೊರಗಾಳಿ ಎಳೆದುಕೊಳ್ಳುವ ಸ್ಥಿತಿಗೆ ಹಾಕಿ ಫ್ಯಾನನ್ನು ಪೂರ್ತಿ ವೇಗದಲ್ಲಿಟ್ಟು, ಹತ್ತಿರದ ವರ್ಕ್‌ಶಾಪಿನವರೆಗೆ ಮಾತ್ರ ಹೋಗಬೇಕು. ಮೂರನೇ ಸಾಲಿನಲ್ಲಿ ಯಾರನ್ನೂ ಕೂರಿಸಕೂಡದು.

ವಿಮೆಯ ಲೆಕ್ಕ

ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಗಾಜಿಗೆ ಹಣ ಸಿಗುವುದಿಲ್ಲ. ಸ್ವಂತ ಹಾನಿಯನ್ನೂ ಒಳಗೊಂಡ ಪೂರ್ಣ ಪಾಲಿಸಿ ಬೇಕು. ನಮ್ಮ ದೇಶದ ಮೋಟಾರು ವಿಮೆಯ ನಿಯಮದಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ (ಬಳಕೆಯಿಂದ ಇಳಿದ ಬೆಲೆ) ಕಳೆಯುತ್ತಾರೆ. ಗಾಜಿನ ಭಾಗಗಳಿಗೆ ಸವಕಳಿಯೇ ಇಲ್ಲ. ಎಂಟು ವರ್ಷ ಹಳೆಯ ಗಾಡಿಯಾದರೂ ಗಾಜಿನ ಪೂರ್ತಿ ಬೆಲೆ ಲೆಕ್ಕಕ್ಕೆ ಬರುತ್ತದೆ. ಆದರೆ 1500 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಗಾಡಿಗಳಿಗೆ ಪ್ರತಿ ಕ್ಲೇಮಿನಲ್ಲೂ ಕಡ್ಡಾಯವಾಗಿ 2,000 ರೂ. ಮಾಲೀಕರೇ ಭರಿಸಬೇಕು. ಅಂಟು, ಅಂಟಿಗೂ ಮೊದಲು ಬಳಿಯುವ ಪ್ರೈಮರ್‌ನಂತಹ ಬಳಸಿ ಮುಗಿಯುವ ಸಾಮಗ್ರಿಗಳನ್ನು, ಅದಕ್ಕೆಂದೇ ಪ್ರತ್ಯೇಕ ಆ್ಯಡ್-ಆನ್ ತೆಗೆದುಕೊಂಡಿರದಿದ್ದರೆ, ಸಾಮಾನ್ಯವಾಗಿ ಬಿಲ್ಲಿನಿಂದ ಕಳೆಯುತ್ತಾರೆ.

ದೊಡ್ಡ ಹೊಡೆತ ಬೀಳುವುದು, ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್‌ಗೆ. ಸ್ವಂತ ಹಾನಿಯ ಪ್ರೀಮಿಯಂ 30,000 ರೂ., ಮುಂದಿನ ನವೀಕರಣಕ್ಕೆ ಸಿಗಬೇಕಾದ ಬೋನಸ್ ಶೇ 45 ಎಂದಿಟ್ಟುಕೊಳ್ಳೋಣ. ಗಾಜಿನ ಬಿಲ್ಲು 18,000 ರೂ. ಆಯಿತು, ಎಲ್ಲ ಕಳೆದು ವಿಮೆಯಿಂದ 15,000 ರೂ. ಬಂತು. ಈ ಒಂದು ಕ್ಲೇಮಿನಿಂದ ಬೋನಸ್ ಸೊನ್ನೆಯಾಗಿ ಮುಂದಿನ ನವೀಕರಣದಲ್ಲಿ 13,500 ರೂ. ಹೆಚ್ಚು ಕಟ್ಟಬೇಕಾಗುತ್ತದೆ. ಅದರ ಮರುವರ್ಷ ಶೇ 50 ಸಿಗಬೇಕಿದ್ದಲ್ಲಿ ಶೇ 20 ಮಾತ್ರ ಸಿಗುತ್ತದೆ. ಪ್ರೀಮಿಯಂ ಅಷ್ಟೇ ಇದ್ದರೆ ಇನ್ನೂ 9,000 ರೂ. ನಷ್ಟ. ಹೀಗಾಗಿ ಬೋನಸ್ ಏರಿದ ಗಾಡಿಗಳಿಗೆ ಒಂಟಿ ಗಾಜಿಗಾಗಿ ಕ್ಲೇಮ್ ಮಾಡುವುದು ಹೆಚ್ಚಾಗಿ ಲಾಭವಲ್ಲ. ಬೋನಸ್ ಕಾಯುವ ಆ್ಯಡ್-ಆನ್ ಇದ್ದರೆ, ಅಥವಾ ಆ ಪಾಲಿಸಿ ವರ್ಷದಲ್ಲೇ ಬೇರೊಂದು ಕ್ಲೇಮ್ ಆಗಿ ಬೋನಸ್ ಈಗಾಗಲೇ ಹೋಗಿದ್ದರೆ, ಹಿಂಜರಿಯಬೇಕಿಲ್ಲ. ಕ್ಲೇಮ್ ಮಾಡುವುದಾದರೆ ಗಾಜು ಬದಲಿಸುವ ಮೊದಲೇ ವಿಮಾ ಕಂಪನಿಗೆ ತಿಳಿಸಿ ಸರ್ವೇಯರ್ ನೋಡುವಂತೆ ಮಾಡಬೇಕು. ಕಳ್ಳತನಕ್ಕಾಗಿ ಒಡೆದಿದ್ದರೆ ಪೊಲೀಸ್ ದೂರು ಬೇಕಾಗುತ್ತದೆ.

ಯಾವ ಗಾಜು

ಒಂದೇ ಹೆಸರಿನ ಗಾಡಿಗೆ ಒಂದೇ ಗಾಜು ಎಂದು ತಿಳಿಯುವುದು ತಪ್ಪು. 2009ರ ಫಾರ್ಚುನರ್‌ಗೂ 2016ರ ಕೊನೆಯಲ್ಲಿ ಬಂದ ಎರಡನೇ ತಲೆಮಾರಿಗೂ ಗಾಜು ಬೇರೆ. ಯಾವ ಗಾಡಿಯೇ ಆಗಲಿ, ಒಂದೇ ತಲೆಮಾರಿನೊಳಗೂ ಗಾಜನ್ನು ಬಿಸಿಮಾಡಿ ಮಂಜು ಕರಗಿಸುವ ಡಿಫಾಗರ್ ತಂತಿ ಇರುವುದು ಇಲ್ಲದಿರುವುದು, ರೇಡಿಯೊ ಆಂಟೆನಾ ಗೆರೆಗಳು ಇರುವುದು ಇಲ್ಲದಿರುವುದು, ವೈಪರ್ ದಂಡಕ್ಕೆ ತೂತಿರುವುದು ಇಲ್ಲದಿರುವುದು ಎಂದು ಭೇದಗಳಿರುತ್ತವೆ. ಹದಿನೇಳು ಅಕ್ಷರ-ಅಂಕಿಗಳ ಚಾಸಿ ನಂಬರ್ ಕೊಟ್ಟು ಆರ್ಡರ್ ಮಾಡುವುದೇ ಸರಿಯಾದ ಕ್ರಮ. ಕೇವಲ "ಫಾರ್ಚುನರ್ ಬ್ಯಾಕ್ ಗ್ಲಾಸ್" ಎಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು ಏನನ್ನು ಕೊಟ್ಟಾರು ಎಂಬುದು ಅವರ ಬಳಿ ಅಂದು ಏನಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಗಾಜಿನ ಮೂಲೆಯಲ್ಲಿ ಅಚ್ಚೊತ್ತಿರುವ ಗುರುತನ್ನು ಓದುವ ಅಭ್ಯಾಸ ಒಳ್ಳೆಯದು. ತಯಾರಕರ ಹೆಸರು, ಐಎಸ್‌ಐ ಮುದ್ರೆ, ಅದರ ಜತೆ ರಸ್ತೆ ವಾಹನಗಳ ಸುರಕ್ಷತಾ ಗಾಜಿನ ಭಾರತೀಯ ಮಾನಕವಾದ ಐಎಸ್ 2553 ಎಂಬ ಸಂಖ್ಯೆ ಇರಬೇಕು. ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ ಮತ್ತು ಪಕ್ಕದಲ್ಲಿ 43ಆರ್ ಎಂದಿದ್ದರೆ ಅದು ವಿಶ್ವಸಂಸ್ಥೆಯ ವಾಹನ ಗಾಜಿನ ನಿಯಮದಂತೆ ಒಪ್ಪಿಗೆ ಪಡೆದದ್ದು ಎಂದರ್ಥ. ಕಾರು ಕಂಪನಿಯ ಮುದ್ರೆಯೇ ಇರಬೇಕೆಂಬ ಹಟ ಅನಗತ್ಯ ಎಂಬುದು ನನ್ನ ಅಭಿಪ್ರಾಯ. ಅಸಾಹಿ ಇಂಡಿಯಾ, ಸೇಂಟ್ ಗೋಬೇನ್‌ನಂತಹವರು ಕಾರು ಕಾರ್ಖಾನೆಗಳಿಗೂ ಗಾಜು ಕೊಡುತ್ತಾರೆ, ಬಿಡಿಭಾಗದ ಮಾರುಕಟ್ಟೆಗೂ ಕೊಡುತ್ತಾರೆ. ಗುರುತೇ ಇಲ್ಲದ ಗಾಜು ಮಾತ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಬಣ್ಣದ ವಿಷಯವನ್ನೂ ಇಲ್ಲೇ ಹೇಳಬೇಕು. ಅಮೆರಿಕದ ದೊಡ್ಡ ಎಸ್‌ಯುವಿಗಳಲ್ಲಿ ಹಿಂದಿನ ಗಾಜುಗಳು ಕಾರ್ಖಾನೆಯಿಂದಲೇ ಕಡುಗಪ್ಪಾಗಿ ಬರುತ್ತವೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂಗಾಜು ಮತ್ತು ಹಿಂಗಾಜು ಎರಡೂ ಕನಿಷ್ಠ ಶೇ 70ರಷ್ಟು ಬೆಳಕನ್ನು ಹಾಯಲು ಬಿಡಬೇಕು. ಪಕ್ಕದವಕ್ಕೆ ಶೇ 50. ಈ ನಿಯಮವನ್ನು ಆಧರಿಸಿಯೇ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಕಪ್ಪು ಫಿಲ್ಮ್‌ಗಳನ್ನು ನಿಷೇಧಿಸಿತು. ಆದ್ದರಿಂದ ಹೊರದೇಶದ ಮಾದರಿಯ ಕಪ್ಪು ಗಾಜನ್ನು ಅಂದಕ್ಕಾಗಿ ತರಿಸಿ ಹಾಕಿಸುವುದು ದಂಡಕ್ಕೆ ದಾರಿ. ರಾತ್ರಿ ಹಿಮ್ಮುಖವಾಗಿ ಗಾಡಿ ತೆಗೆಯುವಾಗ ಹಿಂದೆ ನಿಂತವರು ಕಾಣದಿರುವುದು ಅದಕ್ಕಿಂತ ದೊಡ್ಡ ತೊಂದರೆ.

ಅಂಚಿನ ಕೆಲಸ

ಹಳೆಯ ತಲೆಮಾರಿನ ಗಾಡಿಗಳಲ್ಲಿ ಗಾಜನ್ನು ದಪ್ಪ ರಬ್ಬರ್ ಬೀಡಿಂಗ್ ಹಿಡಿದಿರುತ್ತಿತ್ತು. ಬೀಡಿಂಗಿನ ತುಟಿಯೊಳಗೆ ಸುತ್ತಲೂ ಹಗ್ಗ ಸೇರಿಸಿ, ಸೋಪಿನ ನೀರು ಹಚ್ಚಿ, ಹೊರಗಿನಿಂದ ಒಬ್ಬರು ಗಾಜನ್ನು ಒತ್ತುತ್ತಿರಲು ಒಳಗಿನಿಂದ ಮತ್ತೊಬ್ಬರು ಹಗ್ಗ ಎಳೆದರೆ ರಬ್ಬರಿನ ತುಟಿ ಲೋಹದ ಅಂಚಿನ ಮೇಲೆ ಮಗುಚಿ ಕೂರುತ್ತಿತ್ತು. ಇಂದಿನ ದೊಡ್ಡ ಎಸ್‌ಯುವಿಗಳಲ್ಲಿ ಬಹುತೇಕ ಇರುವುದು ಪೇಸ್ಟಿಂಗ್ ಗಾಜು. ಪಾಲಿಯುರಿಥೇನ್ ಎಂಬ ಕಪ್ಪು ಅಂಟು ಗಾಜನ್ನು ಡಿಕ್ಕಿ ಬಾಗಿಲಿನ ಲೋಹಕ್ಕೆ ಬೆಸೆದಿರುತ್ತದೆ. ಗಾಜು ಆಗ ಬಾಗಿಲಿನ ಬಿಗುವಿನ ಒಂದು ಭಾಗವೇ ಆಗಿಬಿಡುತ್ತದೆ. ಫಾರ್ಚುನರ್‌ನ ಬಾಗಿಲು ಮೇಲಕ್ಕೆ ಏಳುವಂಥದ್ದು. ಎತ್ತಿ ನಿಲ್ಲಿಸಿದಾಗ ಗಾಜಿನ ಭಾರವೆಲ್ಲ ಆ ಅಂಟಿನ ಮೇಲೇ ಇರುತ್ತದೆ.

ಕೆಲಸ ಶುರುವಾಗುವುದು ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚುವುದರಿಂದ. ಕ್ಲಿಪ್ಪುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒಂದೊಂದಾಗಿ ಎಬ್ಬಿಸಬೇಕು, ಸ್ಕ್ರೂಡ್ರೈವರ್ ತೂರಿಸಿ ಜಗ್ಗಿದರೆ ಮುರಿಯುತ್ತವೆ. ಮುರಿದ ಕ್ಲಿಪ್ಪಿನ ಜಾಗದಲ್ಲಿ ಮುಂದೆ ಸದಾ ಗಡಗಡ ಸದ್ದು. ಟ್ರಿಮ್ ಬಿಚ್ಚಲೇಬೇಕಾದ ಇನ್ನೊಂದು ಕಾರಣ ಬಾಗಿಲಿನ ಪೊಳ್ಳಿನೊಳಗೆ ಬಿದ್ದಿರುವ ಗಾಜು. ಅದನ್ನು ವ್ಯಾಕ್ಯೂಮ್‌ನಿಂದ ಎಳೆದು, ಬಾಗಿಲನ್ನು ಕೈಯಿಂದ ಬಡಿದು ಉದುರಿಸಿ, ಮತ್ತೆ ಎಳೆಯಬೇಕು. ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಇರುವ ತೂತುಗಳನ್ನು ಚೂರುಗಳು ಮುಚ್ಚಿದ್ದರೆ ಮಳೆನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಫಾರ್ಚುನರ್‌ನ ಮೂರನೇ ಸಾಲಿನ ಸೀಟುಗಳು ಎಡಬಲಕ್ಕೆ ಮಡಚಿ ಮೇಲೇರುವಂಥವು. ಅವುಗಳ ಕೀಲುಗಳಲ್ಲಿ, ಸೀಟ್ ಬೆಲ್ಟಿನ ಸುರುಳಿಪೆಟ್ಟಿಗೆಯಲ್ಲಿ, ಕಾರ್ಪೆಟ್ಟಿನ ಎಳೆಗಳಲ್ಲಿ ಚೂರು ಉಳಿಯುವುದು ನಿಶ್ಚಿತ. ಬೆಲ್ಟನ್ನು ಪೂರ್ತಿ ಹೊರಗೆಳೆದು ಒರೆಸಬೇಕು, ಇಲ್ಲವಾದರೆ ಸುತ್ತಿಕೊಂಡಾಗಲೆಲ್ಲ ಚೂರು ಅದರ ನೇಯ್ಗೆಯನ್ನು ಕೊಯ್ಯುತ್ತಿರುತ್ತದೆ.

ಈಗ ಅಂಟಿನ ಸರದಿ. ಲೋಹದ ಮೇಲಿರುವ ಹಳೆಯ ಪಾಲಿಯುರಿಥೇನನ್ನು ಬುಡಸಮೇತ ಕಿತ್ತು ಲೋಹ ಹೊಳೆಯುವಂತೆ ಮಾಡುವುದೇ ಅಚ್ಚುಕಟ್ಟು ಎಂದು ಅನಿಸಬಹುದು. ವಾಸ್ತವ ಹಾಗಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಅಂಟು ಲೋಹದ ಬಣ್ಣಕ್ಕೆ ಗಟ್ಟಿಯಾಗಿ ಕೂಡಿಕೊಂಡಿರುತ್ತದೆ, ಹೊಸ ಪಾಲಿಯುರಿಥೇನ್ ಅತ್ಯಂತ ಚೆನ್ನಾಗಿ ಅಂಟುವುದು ಆಗಷ್ಟೇ ಕೊಯ್ದ ಹಳೆಯ ಪಾಲಿಯುರಿಥೇನಿಗೇ. ಆದ್ದರಿಂದ ನುರಿತವರು ಹರಿತವಾದ ಬ್ಲೇಡಿನಿಂದ ಹಳೆಯದನ್ನು ಸಮನಾಗಿ ಸವರಿ ಒಂದೆರಡು ಮಿ.ಮೀ. ದಪ್ಪದ ಹಾಸನ್ನು ಉಳಿಸುತ್ತಾರೆ. ಸವರುವಾಗ ಬ್ಲೇಡು ತಾಗಿ ಬಣ್ಣ ಕಿತ್ತುಹೋದ ಕಡೆಯೆಲ್ಲ ಲೋಹದ ಪ್ರೈಮರ್ ಹಚ್ಚಿ ಒಣಗಲು ಬಿಡಬೇಕು. ಈ ಒಂದು ಹೆಜ್ಜೆಯನ್ನು ಹಾರಿಸಿದ್ದರ ಫಲವೇ ವರ್ಷಗಳ ಮೇಲೆ ಕಾಣುವ ತುಕ್ಕು. ಅಂಟಿನಡಿಯ ಲೋಹ ತುಕ್ಕು ಹಿಡಿದರೆ ಅಂಟು ಎಷ್ಟೇ ಒಳ್ಳೆಯದಿದ್ದರೂ ತುಕ್ಕಿನ ಪದರದ ಜತೆ ಕಳಚಿಕೊಳ್ಳುತ್ತದೆ.

ಹೊಸ ಗಾಜನ್ನು ಮೊದಲು ಅಂಟಿಲ್ಲದೆ ಕೂರಿಸಿ ನೋಡಿ, ಸುತ್ತಲಿನ ಸಂದು ಸಮನಾಗಿದೆ ಎಂದು ಖಚಿತಪಡಿಸಿಕೊಂಡು, ಗಾಜಿಗೂ ಬಾಗಿಲಿಗೂ ಅಡ್ಡಲಾಗಿ ಟೇಪ್ ತುಂಡು ಹಚ್ಚಿ ನಡುವೆ ಕೊಯ್ದು ಗುರುತು ಮಾಡುತ್ತಾರೆ. ಗಾಜಿನ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿ ಅಲಂಕಾರಕ್ಕೆ ಇರುವುದಲ್ಲ. ಅದು ಗಾಜಿನ ಮೇಲೆ ಸುಟ್ಟು ಬೆಸೆದ ಸೆರಾಮಿಕ್ ಲೇಪ. ಬಿಸಿಲಿನ ಅತಿನೇರಳೆ ಕಿರಣಗಳು ಪಾಲಿಯುರಿಥೇನನ್ನು ಕಾಲಕ್ರಮದಲ್ಲಿ ಹಾಳುಮಾಡುತ್ತವೆ, ಆ ಕಪ್ಪು ಪಟ್ಟಿ ಅಂಟಿಗೆ ನೆರಳು. ಪಟ್ಟಿಯನ್ನು ಅದಕ್ಕೆಂದೇ ಇರುವ ಕ್ಲೀನರ್‌ನಿಂದ ಒರೆಸಿ, ಅಂಟಿನ ತಯಾರಕರು ಹೇಳಿದ ಪ್ರೈಮರನ್ನು ಒಂದೇ ದಿಕ್ಕಿನಲ್ಲಿ ಬಳಿದು, ಹೇಳಿದಷ್ಟು ನಿಮಿಷ ಬಿಡಬೇಕು. ಒರೆಸಿದ ಮೇಲೆ ಬರಿಗೈ ತಾಗಿದರೆ ಬೆವರಿನ ಜಿಡ್ಡೇ ಅಂಟು ಕಳಚಲು ಸಾಕು. ಅನಂತರ ಅಂಟು ಹಾಕುವ ಗನ್ನಿನ ಮೂತಿಯನ್ನು 'ವಿ' ಆಕಾರಕ್ಕೆ ಕತ್ತರಿಸಿ, ತ್ರಿಕೋನದಂತೆ ಎತ್ತರವಾಗಿ ನಿಲ್ಲುವ ಅಂಟಿನ ಸಾಲನ್ನು ಎಲ್ಲೂ ತುಂಡಾಗದಂತೆ ಸುತ್ತಲೂ ಎಳೆಯುತ್ತಾರೆ. ಗಾಜನ್ನು ಒತ್ತಿದಾಗ ತ್ರಿಕೋನದ ತುದಿ ಮೊದಲು ತಾಗಿ ಎರಡೂ ಬದಿಗೆ ಹರಡುತ್ತದೆ, ಗಾಳಿಗುಳ್ಳೆ ಸಿಕ್ಕಿಕೊಳ್ಳುವುದಿಲ್ಲ. ಅಂಟಿನ ಮೇಲ್ಮೈ ಗಾಳಿಗೆ ಕೆಲವೇ ನಿಮಿಷಗಳಲ್ಲಿ ಕೆನೆಗಟ್ಟುವುದರಿಂದ ಹೀರುಬಟ್ಟಲು ಹಿಡಿದ ಇಬ್ಬರು ತಡಮಾಡದೆ ಗುರುತಿಗೆ ಸರಿಯಾಗಿ ಕೂರಿಸಬೇಕು. ಗಾಜಿನ ಅಂಚು ಎಲ್ಲಿಯೂ ಲೋಹವನ್ನು ಮುಟ್ಟಬಾರದು.

ರಸ್ತೆ ಬದಿಯ ಕೆಲವು ಕಡೆ ಪಾಲಿಯುರಿಥೇನಿನ ಬದಲು ಕಿಟಕಿ, ಬಚ್ಚಲುಮನೆಗಳಿಗೆ ಬಳಸುವ ಸಿಲಿಕೋನನ್ನು ಹಾಕುತ್ತಾರೆ. ಹಾಕುವಾಗ ವಿನೆಗರ್‌ನಂತೆ ಹುಳಿ ವಾಸನೆ ಮೂಗಿಗೆ ಬಡಿದರೆ ಅದು ಅಸಿಟಿಕ್ ಆಮ್ಲ ಬಿಡುವ ಸಿಲಿಕೋನ್ ಎಂದು ತಿಳಿಯಬೇಕು. ಆ ಆಮ್ಲ ಲೋಹವನ್ನು ತಿನ್ನುತ್ತದೆ. ಸಿಲಿಕೋನಿಗೆ ಗಾಜಿನ ಭಾರ ಹೊರುವ ಬಲವೂ ಸಾಲದು. ಒಮ್ಮೆ ಅದು ತಾಗಿದ ಜಾಗಕ್ಕೆ ಮುಂದೆ ಪಾಲಿಯುರಿಥೇನ್ ಹಿಡಿಯುವುದೂ ಇಲ್ಲ. ಕೆಲಸ ಶುರುವಾಗುವ ಮೊದಲು ಅಂಟಿನ ಟ್ಯೂಬನ್ನು ಕೈಗೆ ತೆಗೆದುಕೊಂಡು ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಓದುವುದರಲ್ಲಿ ಸಂಕೋಚ ಬೇಡ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಷೆವ್ರೊಲೆ ಸಬರ್ಬನ್, ಟಾಹೋದಂತಹ ಗಾಡಿಗಳಲ್ಲಿ ಹಿಂಗಾಜು ಬಾಗಿಲಿನಿಂದ ಪ್ರತ್ಯೇಕವಾಗಿ ಮೇಲೇಳುವುದುಂಟು. ಅಲ್ಲಿ ಅಂಟಿನ ಬದಲು ಗಾಜಿನ ತೂತುಗಳ ಮೂಲಕ ಕೀಲು, ಗ್ಯಾಸ್ ದಂಡಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಬೋಲ್ಟ್ ಮತ್ತು ಗಾಜಿನ ನಡುವಿನ ಮೆತ್ತನೆಯ ವಾಷರ್ ಬಿಟ್ಟುಹೋದರೆ, ಇಲ್ಲವೇ ಬೋಲ್ಟನ್ನು ಅತಿಯಾಗಿ ಬಿಗಿದರೆ ಹೊಸ ಗಾಜು ಅಲ್ಲೇ ಪುಡಿಯಾಗುತ್ತದೆ. ಟೊಯೊಟಾ ಫೋರ್‌ರನ್ನರ್‌ನ ಹಿಂಗಾಜು ಬಾಗಿಲೊಳಕ್ಕೆ ಇಳಿಯುವಂಥದ್ದು. ಅದಕ್ಕೆ ಮೋಟರು, ಹಳಿ ಎಲ್ಲ ಇರುವುದರಿಂದ ಪೊಳ್ಳಿನಲ್ಲಿ ಬಿದ್ದ ಚೂರುಗಳನ್ನು ಪೂರ್ತಿ ತೆಗೆಯದೆ ಸ್ವಿಚ್ ಒತ್ತಬಾರದು.

ಡಿಫಾಗರ್ ಗೆರೆಗಳು

ಹಿಂಗಾಜಿನ ಮೇಲೆ ಅಡ್ಡಲಾಗಿ ಕಾಣುವ ಕಂದು ಗೆರೆಗಳು ಬೆಳ್ಳಿಯ ಕಣಗಳಿರುವ ಲೇಪವನ್ನು ಅಚ್ಚು ಹಾಕಿ ಸುಟ್ಟು ಮಾಡಿದವು. ಎರಡೂ ಪಕ್ಕದ ಅಗಲ ಪಟ್ಟಿಗಳಿಂದ ಪ್ರತಿ ಗೆರೆಗೂ ಪ್ರತ್ಯೇಕವಾಗಿ ವಿದ್ಯುತ್ ಹರಿಯುತ್ತದೆ. ಒಂದು ಗೆರೆ ತುಂಡಾದರೆ ಅದರ ಸುತ್ತ ಮಾತ್ರ ಮಂಜು ಉಳಿಯುತ್ತದೆ, ಉಳಿದವು ಕೆಲಸ ಮಾಡುತ್ತವೆ. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಮಳೆಗಾಲದಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತು. ಬಯಲುಸೀಮೆಯವರು ವರ್ಷಗಟ್ಟಲೆ ಆ ಸ್ವಿಚ್ ಒತ್ತಿರುವುದಿಲ್ಲವಾದ್ದರಿಂದ ಡಿಫಾಗರ್ ಜೋಡಿಸದೆ ಹೋದದ್ದು ಗಮನಕ್ಕೇ ಬರುವುದಿಲ್ಲ.

ಗಾಜು ಕೂರಿಸಿದ ಮೇಲೆ ಪರೀಕ್ಷೆ ಸುಲಭ. ಎಂಜಿನ್ ಚಾಲೂ ಇಟ್ಟು ಡಿಫಾಗರ್ ಸ್ವಿಚ್ ಒತ್ತಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಬಾಡಿಗೆ ತಾಗಿಸಿ ಇನ್ನೊಂದನ್ನು ಗೆರೆಯ ನಡುಭಾಗದಲ್ಲಿ ಹಗುರವಾಗಿ ಇಟ್ಟರೆ ಸುಮಾರು ಆರು ವೋಲ್ಟ್ ತೋರಿಸಬೇಕು. ಪೂರ್ತಿ ಹನ್ನೆರಡು ಅಥವಾ ಸೊನ್ನೆ ತೋರಿಸಿದರೆ ಆ ಗೆರೆ ಎಲ್ಲೋ ತುಂಡಾಗಿದೆ. ಮೊನೆಯನ್ನು ಅತ್ತಿತ್ತ ಸರಿಸುತ್ತ ಹೋದಾಗ ವೋಲ್ಟೇಜ್ ಒಮ್ಮೆಗೇ ಬದಲಾಗುವ ಬಿಂದುವೇ ತುಂಡಾದ ಜಾಗ. ಸಣ್ಣ ತುಂಡಿಗೆ ಬೆಳ್ಳಿಯ ವಾಹಕ ಬಣ್ಣ ಹಚ್ಚಿ ಸರಿಪಡಿಸಬಹುದು, ಆದರೆ ಹೊಚ್ಚ ಹೊಸ ಗಾಜಿನಲ್ಲಿ ತುಂಡಿದ್ದರೆ ಅದನ್ನು ಒಪ್ಪಿಕೊಳ್ಳಬೇಕಿಲ್ಲ. ಮಲ್ಟಿಮೀಟರ್ ಇಲ್ಲದಿದ್ದರೆ ಗಾಜಿನ ಒಳಮೈಗೆ ಬಾಯಿಯಿಂದ ಹಬೆ ಊದಿ, ಸ್ವಿಚ್ ಒತ್ತಿ, ಗೆರೆಗಳ ಉದ್ದಕ್ಕೂ ಹಬೆ ಮೊದಲು ಕರಗುವುದನ್ನು ನೋಡಿದರೂ ಸಾಕು. ಒಳಮೈಯನ್ನು ಒರಟು ಸ್ಕ್ರಬ್ಬರಿನಿಂದ ಉಜ್ಜುವುದು, ಸ್ಟಿಕ್ಕರನ್ನು ಬ್ಲೇಡಿನಿಂದ ಕೆರೆಯುವುದು ಈ ಗೆರೆಗಳಿಗೆ ಶತ್ರು.

ಕೂರಿಸಿದ ಮೇಲಿನ ಎರಡು ದಿನ

ಪಾಲಿಯುರಿಥೇನ್ ಒಣಗುವುದು ಗಾಳಿಯ ತೇವಾಂಶವನ್ನು ಹೀರಿಕೊಂಡು, ಹೊರಗಿನಿಂದ ಒಳಕ್ಕೆ. ಸುಮಾರು 23 ಡಿಗ್ರಿ ಉಷ್ಣತೆ, ಶೇ 50ರ ತೇವಾಂಶದಲ್ಲಿ ಸಾಮಾನ್ಯ ಬಗೆಯ ಅಂಟು ದಿನಕ್ಕೆ ಮೂರ್ನಾಲ್ಕು ಮಿ.ಮೀ. ಆಳ ಗಟ್ಟಿಯಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೇಗ, ಬೀದರ್‌ನ ಚಳಿಗಾಲದ ಒಣಹವೆಯಲ್ಲಿ ನಿಧಾನ. ಬೇಗ ಗಟ್ಟಿಯಾಗುವ ವಿಶೇಷ ಬಗೆಗಳೂ ಇವೆ, ಎಷ್ಟು ಹೊತ್ತಿನ ಮೇಲೆ ಓಡಿಸಬಹುದೆಂಬುದನ್ನು ತಯಾರಕರು ಮುದ್ರಿಸಿರುತ್ತಾರೆ. ಆ ಮಾತನ್ನೇ ನೆಚ್ಚಬೇಕು.

ಒಂದು ದಿನದ ಮಟ್ಟಿಗಾದರೂ ಡಿಕ್ಕಿ ಬಾಗಿಲನ್ನು ಎತ್ತದಿರುವುದು ಕ್ಷೇಮ, ಏಕೆಂದರೆ ಎತ್ತಿದಾಗ ಹಸಿ ಅಂಟಿನ ಮೇಲೆ ಗಾಜು ಜಾರುತ್ತದೆ. ಒಳಗಿನ ಟ್ರಿಮ್ ಜೋಡಿಸುವುದನ್ನು ಮರುದಿನಕ್ಕೆ ಬಿಡಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು. ಇದನ್ನು ತಾವಾಗಿಯೇ ಹೇಳುವ ಕೆಲಸಗಾರ ಸಿಕ್ಕರೆ ಅವರ ಕೈ ನಂಬಬಹುದು. ಯಾವುದಾದರೂ ಒಂದು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಟ್ಟಿರಬೇಕು. ಎಲ್ಲ ಕಿಟಕಿ ಮುಚ್ಚಿದ ಗಾಡಿಯ ಬಾಗಿಲನ್ನು ಜೋರಾಗಿ ಹಾಕಿದಾಗ ಒಳಗಿನ ಗಾಳಿ ಹಿಂಗಾಜನ್ನು ಹೊರಕ್ಕೆ ತಳ್ಳುತ್ತದೆ, ಹಸಿ ಅಂಟಿನಲ್ಲಿ ಸಣ್ಣ ಸಂದು ಬಿಡುತ್ತದೆ. ಮುಂದೆ ನೀರು ಇಳಿಯುವುದು ಅದೇ ಸಂದಿನಿಂದ. ಹಿಡಿದಿಡಲು ಹಚ್ಚಿದ ಟೇಪನ್ನು ಅಂದಗೆಟ್ಟಿತೆಂದು ಬೇಗ ಕೀಳಬಾರದು. ಪ್ರೆಷರ್ ವಾಷ್ ಎರಡು ದಿನ ಬೇಡ.

ಅಂಟು ಗಟ್ಟಿಯಾದ ಮೇಲೆ ನೀರಿನ ಪರೀಕ್ಷೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಹೊರಗಿನಿಂದ ಮತ್ತೊಬ್ಬರು ಪೈಪಿನ ಮೂತಿ ಒತ್ತದೆ ನಿಧಾನವಾಗಿ ಹರಿಯುವ ನೀರನ್ನು ಗಾಜಿನ ಕೆಳ ಅಂಚಿನಿಂದ ಶುರುಮಾಡಿ ಮೇಲಕ್ಕೆ ಸರಿಸುತ್ತ ಹೋಗಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಗೂ ಹರಿದು ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಹನಿ ಕಂಡರೆ ಹೊರಗಿನಿಂದ ಸೀಲೆಂಟ್ ಮೆತ್ತಿಸಿಕೊಂಡು ಬರುವುದು ಪರಿಹಾರವಲ್ಲ. ಆ ಭಾಗದ ಅಂಟನ್ನು ಒಳಗಿನಿಂದ ಸರಿಪಡಿಸಬೇಕು, ಸಂದು ದೊಡ್ಡದಿದ್ದರೆ ಗಾಜನ್ನು ತಂತಿಯಿಂದ ಕೊಯ್ದು ತೆಗೆದು ಮತ್ತೆ ಕೂರಿಸಬೇಕು. ಇದಕ್ಕಾಗಿ ಬಿಲ್ಲಿನಲ್ಲಿ ಗಾಜಿನ ಹೆಸರು, ಅಂಟಿನ ಹೆಸರು ಮತ್ತು ಸೋರಿಕೆಗೆ ಎಷ್ಟು ಕಾಲದ ಖಾತರಿ ಎಂಬ ಮೂರನ್ನೂ ಹಣ ಕೊಡುವ ಮೊದಲೇ ಬರೆಸಿಕೊಂಡಿರಬೇಕು.